ಪ್ರಾಸ್ಟೇಟ್ ಆಪರೇಷನ್ ನಂತರದ ನೋವು: ಸತ್ಯಾಂಶ

ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆದ ಮೇಲೂ ನೋವಿದ್ದರೆ ಕ್ಯಾನ್ಸರ್ ಮರಳಿದೆ ಎಂದೇ ಅರ್ಥ ಅನ್ನುವ ಮೆಸೇಜ್ ನಮ್ಮ ಕಾರವಾರ, ಶಿರಸಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತದೆ. ಅದು ತಪ್ಪು. ಕಳಿಸುವವರದು ಕಾಳಜಿಯೇ, ಆದರೆ ಓದಿದವರು ಸುಮ್ನೆ ಹೆದರಿ ನಿದ್ದೆಗೆಡುತ್ತಾರೆ.

ಕೆಲವು ತಿಂಗಳ ನಂತರವೂ ಕಿಬ್ಬೊಟ್ಟೆಯಲ್ಲಿ, ಕೂರುವ ಜಾಗದಲ್ಲಿ ಆಗೀಗ ನೋವು ಬರಬಹುದು. ಒಳಗಿನ ಗಾಯ ಮಾಗುತ್ತಿರುತ್ತದೆ, ನರಗಳು ಕೆರಳಿರುತ್ತವೆ, ಸೊಂಟದ ತಳದ ಸ್ನಾಯುಗಳು ಬಿಗಿದುಕೊಂಡಿರುತ್ತವೆ, ಇದರ ಮೇಲೆ ಮಲಬದ್ಧತೆ ಇದ್ದರೆ ಅಥವಾ ದೇವಿಮನೆ ಘಾಟಿಯಲ್ಲಿ ಬಸ್ಸಿನಲ್ಲಿ ಕುಲುಕಿಕೊಂಡು ಕುಮಟಾಕ್ಕೆ ಇಳಿದರೆ ನೋವು ಜಾಸ್ತಿ ಅನಿಸುವುದು ಸಹಜ. ಮೆತ್ತನೆಯ ದಿಂಬಿನ ಮೇಲೆ ಕೂತು, ಮಧ್ಯೆ ಎದ್ದು ನಾಲ್ಕು ಹೆಜ್ಜೆ ಓಡಾಡಿ. ಆ ಸ್ನಾಯುಗಳನ್ನು ಸಡಿಲಿಸುವ ಫಿಸಿಯೋಥೆರಪಿ ಇದೆ, ಅದನ್ನು ಕೇಳಲು ನಾಚಿಕೆ ಬೇಡ. ನೋವಿನ ಮಾತ್ರೆ ಮಾತ್ರ ವೈದ್ಯರು ಹೇಳಿದಷ್ಟೇ.

ನಿಜ ತಿಳಿಯಲು ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್) ರಕ್ತ ಪರೀಕ್ಷೆಯ ರಿಪೋರ್ಟ್ ನೋಡಿ. ಗ್ರಂಥಿ ಪೂರ್ತಿ ತೆಗೆದ ಮೇಲೆ ಅದು ಹೆಚ್ಚುಕಡಿಮೆ ಶೂನ್ಯಕ್ಕೆ ಇಳಿಯಬೇಕು. ಮತ್ತೆ ಏರಿ 0.2 ng/mL ಅಥವಾ ಜಾಸ್ತಿ ಬಂದು, ಎರಡನೇ ಪರೀಕ್ಷೆಯಲ್ಲೂ ಹಾಗೇ ಇದ್ದರೆ ವೈದ್ಯರು ಮುಂದಿನ ತಪಾಸಣೆ ಮಾಡುತ್ತಾರೆ. ಕ್ಯಾನ್ಸರ್ ಮರಳಿದ್ದರೆ ಸಾಮಾನ್ಯವಾಗಿ ನೋವಿಗಿಂತ ಎಷ್ಟೋ ಮೊದಲೇ ಈ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಮೆಸೇಜ್‌ನಲ್ಲಿ ಬರೆದವರ ಹೆಸರು, ತಾರೀಖು, ಪರೀಕ್ಷೆಯ ಮಾತು ಏನೂ ಇಲ್ಲ, ಬರೀ ಹೆದರಿಕೆ ಇದೆ ಅಂದರೆ ಮುಂದೆ ಕಳಿಸುವ ಮೊದಲು ನಿಮ್ಮ ವೈದ್ಯರಿಗೆ ತೋರಿಸಿ.

ಜ್ವರ, ಮೂತ್ರ ಕಟ್ಟುವುದು, ಮೂತ್ರದಲ್ಲಿ ರಕ್ತದ ಗಡ್ಡೆ, ಒಂದೇ ಕಾಲಿನ ಊತ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬೆನ್ನುಮೂಳೆಯಲ್ಲಿ ಹೊಸದಾಗಿ ಶುರುವಾಗಿ ಬಿಡದೆ ಕಾಡುವ ನೋವನ್ನೂ ಬೇಗ ತೋರಿಸಿ.