ಚದರಡಿ ಕೇಳಿ ಹೀಟ್ ಪಂಪ್ ಬರೆದುಕೊಡೋರನ್ನ ನಂಬಬೇಡಿ

ಸಿಟ್ಟು ಇಳೀಲಿ ಆಮೇಲೆ ಬರೆಯೋಣ ಅಂತ ಸುಮ್ನಿದ್ದೆ, ಇಳೀತಾ ಇಲ್ಲ ಮಾರಾಯ್ರೇ, ಬರೆದೇ ಬಿಡ್ತೀನಿ.

ನಮ್ಮ ಹಾಸನದ ಹುಡುಗ ಹುಡುಗಿ ಗೊತ್ತಲ್ಲ, ಇಲ್ಲಿ ಅಮೆರಿಕದ ಮೇನ್ ರಾಜ್ಯದ ವೆಸ್ಟ್‌ಬ್ರೂಕ್‌ನಲ್ಲಿ ಹಳೇ ಮನೆ ತಗೊಂಡ್ರು. ಆಯಿಲ್ ಸುಟ್ಟು ಬೆಚ್ಚಗಿಡೋ ಬಾಯ್ಲರ್ ಇರೋ ಮನೆ. ಗೋಡೆಗೆ ಹಾಕೋ ಹೀಟ್ ಪಂಪ್, ಅಂದ್ರೆ ಮನೆ ಬಿಸಿ ಮಾಡೋ ಎಸಿ ಥರದ ಮೆಷಿನ್, ಹಾಕ್ಸೋಣ ಅಂತ ಒಂದು ಕಂಪನಿಯವನನ್ನ ಕರೆಸಿದ್ರು, "ಅಕ್ಕಾ ನೀವೂ ಬನ್ನಿ, ಅವನು ಹೇಳೋದು ನಮಗೆ ತಲೆಬುಡ ತಿಳಿಯಲ್ಲ" ಅಂದ್ರು, ಹೋದೆ. ಬಂದವನು ಬಾಗಿಲಲ್ಲೇ ಕೇಳಿದ್ದು ಎರಡೇ ಪ್ರಶ್ನೆ, ಮನೆ ಎಷ್ಟು ಚದರಡಿ, ಬೆಡ್‌ರೂಮ್ ಎಷ್ಟು. ಅಟ್ಟ ಹತ್ತಲಿಲ್ಲ, ನೆಲಮಾಳಿಗೆಗೆ ಇಳೀಲಿಲ್ಲ, ಕಿಟಕಿ ಮುಟ್ಟಿ ನೋಡಲಿಲ್ಲ, ಕಳೆದ ಚಳಿಗಾಲಕ್ಕೆ ಎಷ್ಟು ಆಯಿಲ್ ಸುಟ್ಟಿದೀರಿ ಅಂತ ಕೇಳಲಿಲ್ಲ. ಹಾಲ್‌ನಲ್ಲಿ ನಿಂತ್ಕೊಂಡೇ ಟ್ಯಾಬ್‌ನಲ್ಲಿ ಒತ್ತಿ ಒತ್ತಿ ಕೋಟ್ ರೆಡಿ ಮಾಡಿದ. ಹೊರಗೆ 48,000 ಬಿಟಿಯುದು (ಬಿಟಿಯು ಅಂದ್ರೆ ಶಾಖದ ಅಳತೆ, ಮೆಷಿನ್‌ಗೆ ಹೇಳೋವಾಗ ಗಂಟೆಗೆ ಇಷ್ಟು ಅಂತ) ಒಂದು ದೊಡ್ಡ ಯೂನಿಟ್, ಒಳಗೆ ಹಾಲ್‌ಗೊಂದು, ಮೂರು ಬೆಡ್‌ರೂಮಿಗೆ ಮೂರು.

ನಾನು ಕೇಳಿದ್ದು ಒಂದೇ ಮಾತು. ಹೊರಗೆ ಮೈನಸ್ 15 ಡಿಗ್ರಿ ಇದ್ದಾಗ ಇದು ಎಷ್ಟು ಶಾಖ ಕೊಡುತ್ತೆ? "ಮೇಡಂ, ಇದು 48,000" ಅಂದ. ಅದು ಯಾವ ಟೆಂಪರೇಚರ್‌ನಲ್ಲಿ ಅಳೆದಿದ್ದು ಅಂತ ಮತ್ತೆ ಕೇಳ್ದೆ. "ದೊಡ್ಡದೇ ಹಾಕ್ತಿದೀವಲ್ಲ, ಚಿಂತೆ ಬೇಡ" ಅಂದ. ಉತ್ತರ ಅವನಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕು ಅಂತಾನೂ ಅನ್ನಿಸಿರಲಿಲ್ಲ. ನನಗೆ ಮೈ ಉರಿದಿದ್ದು ಇದಕ್ಕೇ.

ಊರಲ್ಲಿರೋರಿಗೆ ಒಂಚೂರು ಹೇಳ್ಬಿಡ್ತೀನಿ. ಹೀಟ್ ಪಂಪ್ ಅಂದ್ರೆ ನೀವು ಗೋಡೆ ಮೇಲೆ ನೋಡೋ ಸ್ಪ್ಲಿಟ್ ಎಸಿನೇ, ಉಲ್ಟಾ ಓಡುತ್ತೆ ಅಷ್ಟೆ. ಫ್ರಿಜ್ ಒಳಗಿನ ಬಿಸಿ ತೆಗೆದು ಹಿಂದುಗಡೆ ಹಾಕಲ್ವಾ, ಹಾಗೆ ಇದು ಹೊರಗಿನ ಚಳಿ ಗಾಳಿಯಿಂದಲೇ ಬಿಸಿ ಎಳ್ಕೊಂಡು ಮನೆಯೊಳಗೆ ತಂದು ಹಾಕುತ್ತೆ. ಚಳಿ ಗಾಳೀಲಿ ಬಿಸಿ ಎಲ್ಲಿಂದ ಬಂತು ಅಂತ ನಮ್ಮಮ್ಮನೂ ಕೇಳಿದ್ರು. ಒಳಗಿರೋ ಗ್ಯಾಸ್ ಇದೆಯಲ್ಲ, ಆರ್-32, ಅದು ಸಾಧಾರಣ ಒತ್ತಡದಲ್ಲಿ ಮೈನಸ್ 52ರ ಹತ್ರ ಕುದಿಯುತ್ತೆ, ಅಂಥದ್ದಕ್ಕೆ ಮೈನಸ್ 20ರ ಗಾಳಿನೂ ಬಿಸಿಯೇ. ಒಂದು ಯೂನಿಟ್ ಕರೆಂಟ್ ತಗೊಂಡು ಎರಡೂವರೆ ಮೂರು ಯೂನಿಟ್‌ನಷ್ಟು ಶಾಖ ಕೊಡುತ್ತೆ, ಆ ಲೆಕ್ಕಕ್ಕೇ ಸಿಒಪಿ ಅನ್ನೋದು. ಆದ್ರೆ ಹೊರಗೆ ಚಳಿ ಏರ್ತಾ ಹೋದ ಹಾಗೆ ಸಿಒಪಿನೂ ಇಳಿಯುತ್ತೆ, ಮೆಷಿನ್ ಕೊಡಬಲ್ಲ ಒಟ್ಟು ಶಾಖಾನೂ ಇಳಿಯುತ್ತೆ. ಮನೆಗೆ ಜಾಸ್ತಿ ಶಾಖ ಬೇಕಾಗೋದೇ ಆ ಹೊತ್ತಲ್ಲಿ.

ಈಗ ನನ್ನ ಸಿಟ್ಟಿನ ಬುಡಕ್ಕೆ ಬರ್ತೀನಿ. ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿ ಇರುತ್ತಲ್ಲ 12,000, 18,000, 48,000 ಅಂತ, ಅದನ್ನ ಅಳೆಯೋದು ಹೊರಗೆ 47 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ, ಅಂದ್ರೆ 8 ಡಿಗ್ರಿ ಸೆಲ್ಸಿಯಸ್ ಚಿಲ್ಲರೆ. ಮೇನ್‌ನಲ್ಲಿ ಎಂಟು ಡಿಗ್ರಿ ಇದ್ರೆ ಮಕ್ಕಳು ಜಾಕೆಟ್ ಬಿಚ್ಚಿ ಆಡ್ತಾರೆ! 12,000 ಅಂತ ಬರೆದಿರೋ ಸಾಧಾರಣ ಮೆಷಿನ್ ಮೈನಸ್ 15ಕ್ಕೆ ಏಳೆಂಟು ಸಾವಿರಕ್ಕೆ ಇಳಿದುಬಿಡಬಹುದು, ಚಳಿ ದೇಶಕ್ಕೇ ಅಂತ ಮಾಡಿರೋದು ಅಲ್ಲೂ ಪೂರ್ತಿ 12,000 ಕೊಡಬಹುದು. ಮಿತ್ಸುಬಿಷಿ ಹೈಪರ್ ಹೀಟ್‌ನಲ್ಲಿ ಕೆಲವು ಮಾಡೆಲ್ ಹಾಗೇ ಇವೆ, ಡೈಕಿನ್ ಅರೋರ, ಫುಜಿತ್ಸುದು ಚಳಿ ಮಾಡೆಲ್ ಇವೆಲ್ಲ ಮೈನಸ್ 25ರವರೆಗೂ ಓಡುತ್ತೆ ಅಂತ ಕಂಪನಿಗಳೇ ಬರೆದುಕೊಟ್ಟಿದಾರೆ. ಆದ್ರೆ ಓಡೋದು ಬೇರೆ, ಮನೆಗೆ ಸಾಲೋಷ್ಟು ಶಾಖ ಕೊಡೋದು ಬೇರೆ. ಇದನ್ನೆಲ್ಲ ನೋಡೋಕೆ ನೀಪ್ (NEEP) ಅನ್ನೋ ಸಂಸ್ಥೆಯವರ ಪಟ್ಟಿ ಇದೆ, ಯಾರು ಬೇಕಾದ್ರೂ ದುಡ್ಡಿಲ್ಲದೆ ನೋಡಬಹುದು, ಮಾಡೆಲ್ ನಂಬರ್ ಹಾಕಿದ್ರೆ 47, 17, 5 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ (5 ಅಂದ್ರೆ ನಾನು ಕೇಳಿದ ಆ ಮೈನಸ್ 15 ಸೆಲ್ಸಿಯಸ್) ಕನಿಷ್ಠ ಎಷ್ಟು ಗರಿಷ್ಠ ಎಷ್ಟು ಕೊಡುತ್ತೆ, ಸಿಒಪಿ ಎಷ್ಟು, ಎಲ್ಲ ಬರುತ್ತೆ. ಹುಡುಕಿದ್ರೆ ಎರಡು ನಿಮಿಷದ ಕೆಲಸ. ಹತ್ತಾರು ಸಾವಿರ ಡಾಲರ್ ಕೋಟ್ ಬರೆಯೋನಿಗೆ ಆ ಎರಡು ನಿಮಿಷ ಬೇಡ್ವಾ?

ಅವನು ಹೋದ ಮೇಲೆ ನಾವು ಮೂರು ಜನ ನೆಲಮಾಳಿಗೆಗೆ ಇಳಿದ್ವಿ. ಬಾಯ್ಲರ್ ಪಕ್ಕ ಕಂಬಕ್ಕೆ ಒಂದು ಮೊಳೆ, ಆ ಮೊಳೆಗೆ ಹಿಂದಿನ ಮಾಲೀಕರು ಆಯಿಲ್ ಹಾಕಿಸಿದ ಚೀಟಿಗಳನ್ನೆಲ್ಲ ಚುಚ್ಚಿಟ್ಟಿದಾರೆ, ಅಂಚೆಲ್ಲ ಮಸಿ ಹಿಡಿದು ಕಂದಾಗಿದೆ, ಆದ್ರೆ ಗ್ಯಾಲನ್ ಲೆಕ್ಕ ಅಚ್ಚುಕಟ್ಟಾಗಿ ಕಾಣುತ್ತೆ. ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಕೂಡಿಸಿದೆ. ಒಂದು ಚಳಿಗಾಲಕ್ಕೆ ಸುಮಾರು 700 ಗ್ಯಾಲನ್. ಇಡೀ ಮನೆಯ ಜಾತಕ ಆ ಮೊಳೆ ಮೇಲೇ ಇತ್ತು, ಆ ಮನುಷ್ಯ ಮೆಟ್ಟಿಲೇ ಇಳೀಲಿಲ್ಲ.

ಲೆಕ್ಕ ನೋಡಿ, ಕಷ್ಟ ಏನಿಲ್ಲ. ಒಂದು ಗ್ಯಾಲನ್ ಆಯಿಲ್‌ನಲ್ಲಿ ಸುಮಾರು 1,38,500 ಬಿಟಿಯು, ಬಾಯ್ಲರ್ 85% ದಕ್ಷತೆ ಅಂತ ಹಿಡಿದ್ರೆ 700 ಗ್ಯಾಲನ್‌ಗೆ ಮನೆಗೆ ಸೇರಿದ್ದು ಎಂಟು ಕೋಟಿ ಚಿಲ್ಲರೆ ಬಿಟಿಯು. ಪಕ್ಕದ ಪೋರ್ಟ್‌ಲ್ಯಾಂಡ್ ಕಡೆ ವರ್ಷಕ್ಕೆ ಹೀಟಿಂಗ್ ಡಿಗ್ರಿ ಡೇಸ್ (ದಿನದ ಸರಾಸರಿ ಟೆಂಪರೇಚರ್ 65 ಫ್ಯಾರನ್‌ಹೀಟ್‌ಗಿಂತ ಎಷ್ಟು ಕೆಳಗಿತ್ತೋ ಅದನ್ನೆಲ್ಲ ಕೂಡಿಸಿದ್ದು) 7,000ದ ಆಸುಪಾಸು, ಅದರಿಂದ ಭಾಗಿಸಿ, ಮತ್ತೆ 24 ಗಂಟೆಗೆ ಭಾಗಿಸಿದ್ರೆ ಒಂದೊಂದು ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸಕ್ಕೂ ಗಂಟೆಗೆ 490 ಬಿಟಿಯು ಸೋರುತ್ತೆ ಅಂತ ಬಂತು. ಹೊರಗೆ 2 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಮೈನಸ್ 17, ಅಂತ ಇಟ್ಕೊಂಡ್ರೆ 65ರಿಂದ ವ್ಯತ್ಯಾಸ 63, ಗಂಟೆಗೆ ಬೇಕಾಗೋದು 31,000 ಬಿಟಿಯು. ಸ್ನಾನದ ಬಿಸಿನೀರೂ ಅದೇ ಬಾಯ್ಲರ್‌ದು, ಹಾಗಾಗಿ ನಿಜವಾಗಿ ಇನ್ನೂ ಕಮ್ಮಿ. ಅಟ್ಟಕ್ಕೆ ಇನ್ಸುಲೇಶನ್ ಹಾಕಿ ಸಂದಿಗೊಂದಿ ಮುಚ್ಚಿಸಿದ್ರೆ ಮತ್ತೂ ಇಳಿಯುತ್ತೆ. ಇದು ಅಂದಾಜು, ಸರಿಯಾಗಿ ಮಾಡೋದಾದ್ರೆ ಮ್ಯಾನ್ಯುಯಲ್ ಜೆ ಅಂತ ರೂಮ್ ರೂಮಿಗೂ ಲೆಕ್ಕ ಮಾಡೋ ಕ್ರಮ ಇದೆ, ಅಮೆರಿಕದಲ್ಲಿ ಎಚ್‌ವಿಎಸಿ, ಅಂದ್ರೆ ಮನೆ ಬಿಸಿ ತಂಪು ಮಾಡೋ ಕೆಲಸ, ಮಾಡೋರೆಲ್ಲ ಕಲಿತಿರಲೇಬೇಕಾದ್ದು ಅದು. ಚದರಡಿ ಗುಣಾಕಾರ ಅಲ್ಲ.

"ಅಕ್ಕಾ, 31 ಬೇಕಾದಲ್ಲಿ 48 ಇದ್ರೆ ಒಳ್ಳೇದೇ ಅಲ್ವಾ" ಅಂದ ಹುಡುಗ. ಪಾಪ, ಅವನ ತಪ್ಪಲ್ಲ, ನಾವೆಲ್ಲ ಹಾಗೇ ಬೆಳೆದಿದೀವಿ, ಊರಲ್ಲಿ ಎಸಿ ತಗೊಳ್ಳೋಕೆ ಹೋದ್ರೆ ರೂಮಿನ ಅಳತೆ ಕೇಳಿ ಒಂದು ಟನ್ನೋ ಒಂದೂವರೆ ಟನ್ನೋ ಅಂತಾರೆ, ಒಂದೂವರೆನೇ ಇರಲಿ ಬಿಡಿ ಅಂತ ತರ್ತೀವಿ. ಇಲ್ಲಿ ಅದು ನಡೆಯಲ್ಲ. ಮೈನಸ್ 17 ವರ್ಷದಲ್ಲಿ ಬರೋದು ಎಲ್ಲೋ ಕೆಲವು ರಾತ್ರಿ. ಅಕ್ಟೋಬರ್, ಏಪ್ರಿಲ್‌ನಲ್ಲಿ ಹೊರಗೆ 50 ಫ್ಯಾರನ್‌ಹೀಟ್ ಇರುತ್ತಲ್ಲ, ಆಗ ಇದೇ ಮನೆಗೆ ಏಳು ಸಾವಿರ ಚಿಲ್ಲರೆ ಬಿಟಿಯು ಸಾಕು. ಹೊರಗೊಂದೇ ಇಟ್ಟು ಒಳಗೆ ಹಲವನ್ನ ಓಡಿಸೋ ದೊಡ್ಡ ಮಲ್ಟಿ ಯೂನಿಟ್‌ಗಳಲ್ಲಿ ಹತ್ತು ಸಾವಿರಕ್ಕಿಂತ ಕೆಳಗೆ ಇಳಿಯೋಕೆ ಆಗದವು ಬೇಕಾದಷ್ಟಿವೆ. ಇಳಿಯೋಕೆ ಆಗದಿದ್ರೆ ಏನು ಮಾಡುತ್ತೆ, ಆನ್ ಆಗುತ್ತೆ, ಐದು ನಿಮಿಷಕ್ಕೆ ಆಫ್ ಆಗುತ್ತೆ, ಮತ್ತೆ ಆನ್, ಮತ್ತೆ ಆಫ್. ಇನ್ವರ್ಟರ್ ಕಂಪ್ರೆಸರ್ ಚೆನ್ನಾಗಿ ಕೆಲಸ ಮಾಡೋದು ನಿಧಾನಕ್ಕೆ ಬಿಡದೆ ಓಡಿದಾಗ. ಹೀಗೆ ಕುಂಟಿದ್ರೆ ಕರೆಂಟೂ ಹೆಚ್ಚು, ಆಯಸ್ಸೂ ಕಮ್ಮಿ.

ಬೆಡ್‌ರೂಮಿಗೊಂದು ಹಾಕೋದಂತೂ ನನಗೆ ಸಹಿಸೋಕೇ ಆಗಲ್ಲ. ಚಿಕ್ಕ ಬೆಡ್‌ರೂಮಿಗೆ ಗಡಗಡ ಚಳೀಲೂ ಎರಡೂವರೆ ಸಾವಿರ ಬಿಟಿಯು ಸಾಕು, ಹಾಕೋದು 6,000ದ್ದು, ಅದಕ್ಕಿಂತ ಚಿಕ್ಕದು ಮಲ್ಟಿಯಲ್ಲಿ ಸಾಮಾನ್ಯವಾಗಿ ಸಿಗೋದೂ ಇಲ್ಲ. ಅದರ ಮೇಲೆ, ಹಾಲ್‌ದೊಂದೇ ಓಡ್ತಾ ಇದ್ರೂ ಆಫ್ ಆಗಿರೋ ರೂಮಿನ ಯೂನಿಟ್‌ಗೂ ಸ್ವಲ್ಪ ಬಿಸಿ ಗ್ಯಾಸ್ ಹರೀತಾನೇ ಇರುತ್ತೆ, ರಾತ್ರಿ ಮಲಗಿದ ರೂಮ್ ಸುಮ್ಸುಮ್ನೆ ಬಿಸಿ ಆಗುತ್ತೆ. ಹೊರಗಿನ ಒಂದು ಯೂನಿಟ್ ಕೆಟ್ರೆ ಇಡೀ ಮನೆ ತಣ್ಣಗೆ. ಅದರ ಬದಲು ಹೊರಗಿನ ಒಂದಕ್ಕೆ ಒಳಗೆ ಒಂದೇ ಅಂತ ಎರಡು ಬೇರೆ ಬೇರೆ ಜೋಡಿ ಹಾಕ್ಸಿ, ಕೆಳಗೆ ಹಾಲ್‌ಗೆ ಒಂದು, ಮೇಲೆ ಮೆಟ್ಟಿಲು ಹತ್ತಿದ ಜಾಗದಲ್ಲಿ ಒಂದು, ಬಾಗಿಲು ತೆಗೆದಿಟ್ರೆ ಬೆಡ್‌ರೂಮಿಗೂ ತಕ್ಕಮಟ್ಟಿಗೆ ಹೋಗುತ್ತೆ. ದೂರದ ಆ ಒಂದು ರೂಮಿಗೆ ಇರೋ ರೇಡಿಯೇಟರ್ ಇದ್ದೇ ಇದೆ. ಒಂದೊಂದರ ಸಿಒಪಿನೂ ಮಲ್ಟಿಗಿಂತ ಚೆನ್ನಾಗಿರುತ್ತೆ.

ಇದು ಸಣ್ಣ ವಿಷಯ ಅನ್ಕೋಬೇಡಿ, ದುಡ್ಡಿನ ಲೆಕ್ಕ ಪೂರ್ತಿ ಇದರ ಮೇಲೇ ನಿಂತಿರೋದು. ಆ 85% ಬಾಯ್ಲರ್‌ನಲ್ಲಿ ಒಂದು ಗ್ಯಾಲನ್ ಆಯಿಲ್ ಕೊಡೋ ಶಾಖ 34.5 ಯೂನಿಟ್ ಕರೆಂಟಿಗೆ ಸಮ. ಸಿಒಪಿ 2.5 ಇದ್ರೆ ಅಷ್ಟೇ ಶಾಖಕ್ಕೆ 13.8 ಯೂನಿಟ್ ಸಾಕು, ಯೂನಿಟ್‌ಗೆ 25 ಸೆಂಟ್ ಅಂದ್ರೆ 3 ಡಾಲರ್ 45 ಸೆಂಟ್. ಗ್ಯಾಲನ್ ರೇಟ್ ಅದಕ್ಕಿಂತ ಮೇಲಿದ್ರೆ ಲಾಭ. ಅದೇ ಮೆಷಿನ್‌ನ ತಪ್ಪು ಸೈಜಲ್ಲಿ ಹಾಕಿ ಸಿಒಪಿ 1.8ಕ್ಕೆ ಬಿತ್ತು ಅನ್ಕೊಳ್ಳಿ, 4 ಡಾಲರ್ 79 ಸೆಂಟ್! ಆಮೇಲೆ ಆ ಮನೆಯವರು ಎಲ್ಲರ ಹತ್ರ ಹೇಳ್ತಾರೆ, ಹೀಟ್ ಪಂಪ್ ಹಾಕ್ಸಿದ್ವಿ, ಬಿಲ್ ನೋಡಿ ಎದೆ ಒಡೀತು, ಚಳಿಗೆ ಇದು ಬರೋದೇ ಇಲ್ಲ ಅಂತ. ಮೆಷಿನ್‌ಗೆ ಕೆಟ್ಟ ಹೆಸರು, ಲೆಕ್ಕ ಮಾಡದೆ ಕೋಟ್ ಬರೆದವನು ಆರಾಮಾಗಿ ಮುಂದಿನ ಮನೆಗೆ.

ಚಳಿಗೆ ಬರಲ್ಲ ಅನ್ನೋ ಮಾತಿಗೂ ಉತ್ತರ ಕೊಟ್ಟುಬಿಡ್ತೀನಿ, ಕಾಮೆಂಟ್‌ನಲ್ಲಿ ಯಾರಾದ್ರೂ ಹಾಕೇ ಹಾಕ್ತೀರಿ. ನಾರ್ವೆ, ಸ್ವೀಡನ್, ಫಿನ್ಲೆಂಡ್‌ನಲ್ಲಿ ಬೇರೆ ಯಾವ ದೇಶಕ್ಕಿಂತಲೂ ಹೆಚ್ಚು ಮನೆಗಳು ಹೀಟ್ ಪಂಪ್ ಮೇಲೇ ನಡೀತಿವೆ, ಅಲ್ಲಿ ಚಳಿ ನಮಗಿಂತ ಕಮ್ಮಿ ಏನಲ್ಲ. ನಮ್ಮ ಮೇನ್‌ನಲ್ಲೇ ಗವರ್ನರ್ ಜಾನೆಟ್ ಮಿಲ್ಸ್ 2019ರಲ್ಲಿ, 2025ರೊಳಗೆ ಒಂದು ಲಕ್ಷ ಹಾಕಿಸ್ತೀವಿ ಅಂದ್ರು, 2023ಕ್ಕೇ ಮುಗೀತು, ಆಮೇಲೆ 2027ಕ್ಕೆ ಇನ್ನೂ 1,75,000 ಅಂತ ಗುರಿ ಇಟ್ರು. 2023ರ ಫೆಬ್ರವರಿ ಮೊದಲ ವಾರ ನೆನಪಿದೆಯಾ, ಪಕ್ಕದ ರಾಜ್ಯದ ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲೆ ವಿಂಡ್ ಚಿಲ್, ಅಂದ್ರೆ ಗಾಳಿ ಸೇರಿ ಮೈಗೆ ತಟ್ಟೋ ಚಳಿ, ಮೈನಸ್ 108 ಫ್ಯಾರನ್‌ಹೀಟ್ ಮುಟ್ಟಿತ್ತು, ಇಲ್ಲೂ ಉಸಿರು ಕಟ್ಟೋ ಚಳಿ. ಆ ರಾತ್ರಿ ನಮ್ಮನೆ ಮೆಷಿನ್ ಒಂದೇ ಸಮ ಓಡಿತು. ಕರೆಂಟ್ ಹೋದ್ರೆ ಏನ್ಮಾಡ್ತೀರಿ ಅನ್ನೋದು ಸರಿಯಾದ ಪ್ರಶ್ನೆ, ಆದ್ರೆ ಆಯಿಲ್ ಬಾಯ್ಲರ್‌ನ ಬರ್ನರ್, ನೀರಿನ ಪಂಪ್ ಕೂಡ ಕರೆಂಟಲ್ಲೇ ನಡೆಯೋದು, ಅದೂ ನಿಲ್ಲುತ್ತೆ. ಅದಕ್ಕೆ ಕಟ್ಟಿಗೆ ಒಲೆ ಇಟ್ಕೊಳ್ಳಿ.

ನಾನ್ಯಾಕೆ ಇಷ್ಟು ತಲೆ ಕೆಡಿಸ್ಕೋತೀನಿ ಅಂತ ಇವರು ಮನೇಲಿ ಕೇಳ್ತಾರೆ. ಮೊದಲು ಬಂದಾಗ ನಾವಿದ್ದ ಬಾಡಿಗೆ ಮನೇಲಿ ಬರೀ ಎಲೆಕ್ಟ್ರಿಕ್ ಬೇಸ್‌ಬೋರ್ಡ್, ಗೋಡೆ ಬುಡಕ್ಕೆ ಹಾಕೋ ಹೀಟರ್, ಒಂದು ಯೂನಿಟ್ ಕರೆಂಟಿಗೆ ಒಂದೇ ಯೂನಿಟ್ ಶಾಖ. ಮಗು ಹುಟ್ಟಿದಾಗ ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ರು. ನಾವು ಬಿಲ್‌ಗೆ ಹೆದರಿ ಬಾಣಂತಿ ರೂಮ್ ಒಂದನ್ನ ಬಿಟ್ಟು ಉಳಿದ ಕಡೆ ಕಮ್ಮಿ ಇಡ್ತಿದ್ವಿ, ಅಮ್ಮ ಅಡುಗೆಮನೇಲಿ ಎರಡು ಜೊತೆ ಸಾಕ್ಸ್, ಅಪ್ಪನ ಸ್ವೆಟರ್ ಹಾಕ್ಕೊಂಡು ಸಾರು ಮಾಡ್ತಿದ್ರು, ಒಂದು ದಿನಾನೂ ಚಳಿ ಅನ್ನಲಿಲ್ಲ. ಅವರ ಬೆರಳು ಮುಟ್ಟಿದಾಗಲೇ ನನಗೆ ಗೊತ್ತಾಗಿದ್ದು. ಮನೆ ಬೆಚ್ಚಗಿರೋದು ಶೋಕಿ ಅಲ್ಲ. ಅದನ್ನ ಒಬ್ಬ ಸೇಲ್ಸ್‌ನವನು ಹಾಲ್‌ನಲ್ಲಿ ನಿಂತು ಗುಣಾಕಾರ ಮಾಡಿ ಮುಗಿಸೋದನ್ನ ನೋಡಿದ್ರೆ ನನಗೆ ಸುಮ್ನಿರೋಕೆ ಆಗಲ್ಲ.

ಇನ್ನು ಹಾಕಿಸೋವಾಗಿನ ವಿಷಯ. ಹೊರಗಿನ ಯೂನಿಟ್ ನೆಲಕ್ಕೆ ಇಡಿಸಬೇಡಿ, ನಿಮ್ಮ ಕಡೆ ಹಿಮ ಎಷ್ಟು ಎತ್ತರ ನಿಲ್ಲುತ್ತೋ ಅದಕ್ಕಿಂತ ಮೇಲಕ್ಕೆ ಸ್ಟ್ಯಾಂಡ್ ಬೇಕು. ಮಾಡಿನಿಂದ ನೀರು ತೊಟ್ಟಿಕ್ಕೋ ಕಡೆ ಬೇಡವೇ ಬೇಡ, ಆ ನೀರು ಯೂನಿಟ್ ಮೇಲೆ ಹೆಪ್ಪುಗಟ್ಟುತ್ತೆ. ಮೆಷಿನ್ ಆಗಾಗ ತಾನೇ ಉಲ್ಟಾ ತಿರುಗಿ ಹೊರಗಿನ ಕಾಯಿಲ್ ಮೇಲಿನ ಮಂಜು ಕರಗಿಸ್ಕೊಳ್ಳುತ್ತೆ, ಆಗ ಒಳಗಿನ ಫ್ಯಾನ್ ನಿಲ್ಲುತ್ತೆ, ಹೊರಗೆ ಹೊಗೆ ಥರ ಆವಿ ಏಳುತ್ತೆ, ಗಾಬರಿ ಬೇಡ. ಆ ಕರಗಿದ ನೀರು ತಳದಲ್ಲಿ ಮತ್ತೆ ಐಸ್ ಆಗದಿರಲಿ ಅಂತ ಬೇಸ್ ಪ್ಯಾನ್ ಹೀಟರ್ ಇರಬೇಕು, ಕೆಲವು ಮಾಡೆಲ್‌ಗೆ ಅದನ್ನ ಬೇರೆ ಆರ್ಡರ್ ಮಾಡಬೇಕು, ಕೋಟ್‌ನಲ್ಲಿ ಇದೆಯಾ ಅಂತ ನೋಡಿ. ಪೈಪ್ ಜೋಡಿಸಿದ ಮೇಲೆ ನೈಟ್ರೋಜನ್ ತುಂಬಿ ಸೋರಿಕೆ ನೋಡಿದ್ರಾ, ಆಮೇಲೆ ಒಳಗಿನ ಗಾಳಿ ತೆಗೆದು ವ್ಯಾಕ್ಯೂಮ್ 500 ಮೈಕ್ರಾನ್‌ಗಿಂತ (ಒತ್ತಡದ ಅಳತೆ ಅದು) ಕೆಳಗೆ ಎಳೆದ್ರಾ ಅಂತ ಮೀಟರ್ ತೋರಿಸೋಕೆ ಹೇಳಿ. ಒಳ್ಳೆ ಟೆಕ್ನಿಷಿಯನ್ ಖುಷಿಯಿಂದ ತೋರಿಸ್ತಾನೆ, ಅಂಥೋರೂ ಇದಾರೆ, ನಮ್ಮನೆಗೆ ಬಂದ ಪುಣ್ಯಾತ್ಮ ಅಟ್ಟದಿಂದ ಶುರು ಮಾಡಿ ಮೂಲೆ ಮೂಲೆ ನೋಡಿ ಹೋದ. ಹಾಕ್ಸಿದ ಮೇಲೆ ರಾತ್ರಿ ಕಮ್ಮಿ ಬೆಳಗ್ಗೆ ಜಾಸ್ತಿ ಅಂತ ತಿರುಗಿಸ್ತಾ ಇರಬೇಡಿ, ಒಂದು ಟೆಂಪರೇಚರ್‌ಗೆ ಇಟ್ಟು ಬಿಟ್ಟುಬಿಡಿ, ಆಟೋದಲ್ಲಿ ಬೇಡ, ಹೀಟ್‌ನಲ್ಲೇ ಇಡಿ.

ಹೀಟ್ ಪಂಪ್ ಹಾಕ್ಸಿದ್ರೆ ಸಿಗ್ತಿದ್ದ ಫೆಡರಲ್ ಟ್ಯಾಕ್ಸ್ ಕ್ರೆಡಿಟ್ 2025ರ ಡಿಸೆಂಬರ್ 31ಕ್ಕೆ ಮುಗೀತು, 2,000 ಡಾಲರ್‌ವರೆಗೆ ಸಿಗ್ತಿದ್ದ ಆ ದುಡ್ಡು ಇನ್ನಿಲ್ಲ. ತಪ್ಪು ಮೆಷಿನ್‌ಗೆ ಸುರಿಯೋ ಒಂದೊಂದು ಡಾಲರೂ ಈಗ ಪೂರ್ತಿ ನಿಮ್ಮ ಜೇಬಿಂದೇ. ನಮ್ಮ ರಾಜ್ಯದ ಎಫಿಷಿಯೆನ್ಸಿ ಮೇನ್ ಅನ್ನೋ ಸಂಸ್ಥೆಯವರ ರಿಬೇಟ್ ನಿಮ್ಮ ಆದಾಯದ ಮೇಲೆ ಹೋಗುತ್ತೆ, ಸಹಿ ಹಾಕೋ ಮೊದಲೇ ವಿಚಾರಿಸಿ.

ಹುಡುಗಿ ಆ ಕಂಪನಿಗೆ ಮೇಲ್ ಹಾಕಿದಾಳೆ, ರೂಮ್ ರೂಮಿನ ಲೆಕ್ಕ ಕೊಡಿ, 5 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಗರಿಷ್ಠ ಎಷ್ಟು, 47ರಲ್ಲಿ ಕನಿಷ್ಠ ಎಷ್ಟು ಬರೆದು ಕಳಿಸಿ ಅಂತ. ನಾನು ಹೇಳಿಕೊಟ್ಟಿದ್ದಲ್ಲ, ಅವಳೇ ಬರೆದಿದ್ದು. ನಿಮ್ಮಲ್ಲೂ ಯಾರ ಮನೆಗಾದ್ರೂ ಕೋಟ್ ಬಂದಿದ್ರೆ ಆ ಹಾಳೆ ಫೋಟೋ, ಹೋದ ಚಳಿಗಾಲದ ಆಯಿಲ್ ಚೀಟಿ ಅಥವಾ ಗ್ಯಾಸ್ ಬಿಲ್, ಊರಿನ ಹೆಸರು, ಇಷ್ಟು ಇನ್‌ಬಾಕ್ಸ್‌ಗೆ ಹಾಕಿ, ಶನಿವಾರ ಕೂತು ಲೆಕ್ಕ ಮಾಡಿಕೊಡ್ತೀನಿ. ಅಲ್ಲೀತನಕ ಯಾವುದಕ್ಕೂ ಅಡ್ವಾನ್ಸ್ ಕೊಡಬೇಡಿ.