ಉಂಡ ಮನೆಗೆ ಎರಡು ಬಗೆದೋನು, ಯೋಹಾನ ಬಿಟ್ಟ ಅರ್ಧ ಸಾಲು

ಗುಡ್ ಫ್ರೈಡೇ ಹತ್ರ ಬಂದ್ರೆ ಏಸುವನ್ನ ಹಿಡ್ಕೊಟ್ಟ ಶಿಷ್ಯ ಯೂದನ ಮಾತು ಬಂದೇ ಬರುತ್ತೆ, ಜೊತೆಗೆ "ಇದೆಲ್ಲ ಪ್ರವಾದಿಗಳು ಮೊದ್ಲೇ ಬರೆದಿಟ್ಟಿದ್ರು" ಅನ್ನೋದೂ. ನಂಗನ್ಸೋ ಪ್ರಕಾರ ನಡೆದಿದ್ದು ಉಲ್ಟಾ. ಮೊದ್ಲು ಆಗಿದ್ದು ಅವಮಾನ. ಏಸು ತಾನೇ ಆರಿಸ್ಕೊಂಡ ಹನ್ನೆರಡು ಜನರಲ್ಲೇ ಒಬ್ಬ ಹಿಡ್ಕೊಟ್ಟ ಅಂದ್ರೆ ಊರವರು ಸುಮ್ನಿರ್ತಾರಾ? 2ನೇ ಶತಮಾನದಲ್ಲಿ ಸೆಲ್ಸಸ್ ಅನ್ನೋ ಗ್ರೀಕ್ ಪಂಡಿತ ಇದನ್ನೇ ಹಿಡ್ಕೊಂಡು ಆಡ್ಕೊಂಡ, ಕಳ್ಳರ ಗುಂಪಿನ ನಾಯಕನಿಗೂ ಅವನ ಕಡೆಯೋರು ಹೀಗೆ ಮಾಡಲ್ಲ ಅಂತ. ಆ ನೋವಿಗೆ ಉತ್ತರ ಹುಡುಕೋಕೆ ಏಸುವಿನ ಮೊದಲ ಅನುಯಾಯಿಗಳ ಕೈಲಿದ್ದಿದ್ದು ಹಳೇ ಹೀಬ್ರೂ ಗ್ರಂಥಗಳು, ಅದೂ ಬಹುತೇಕರಿಗೆ ಗ್ರೀಕ್ ಅನುವಾದದಲ್ಲಿ.

ಏಸುವಿನ ಕಥೆ ಹೇಳೋ ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದ್ದು ಎಲ್ಲಕ್ಕಿಂತ ಹಳೇದು ಅಂತಾರಲ್ಲ, ಅದ್ರಲ್ಲಿ ಯಾಜಕರು ಯೂದನಿಗೆ ಹಣ ಕೊಡ್ತೀವಿ ಅಂದ್ರು ಅಂತಷ್ಟೇ ಇದೆ, ಎಷ್ಟು ಅಂತ ಇಲ್ಲ. ಮೂವತ್ತು ಬೆಳ್ಳಿ ನಾಣ್ಯ ಬರೋದು ಮತ್ತಾಯನಲ್ಲಿ, ಅದು ಹಳೇ ಗ್ರಂಥದ ಜೆಕರ್ಯ ಪ್ರವಾದಿಯ 11ನೇ ಅಧ್ಯಾಯದ ಲೆಕ್ಕ. ಆದ್ರೆ ಅಲ್ಲಿ ಯಾರೂ ಯಾರನ್ನೂ ಮಾರಲ್ಲ! ಕುರುಬ ಕೂಲಿ ಕೇಳ್ತಾನೆ, ಮೂವತ್ತು ಕೊಡ್ತಾರೆ, "ಆಹಾ ಎಂಥಾ ಬೆಲೆ ಕಟ್ಟಿದ್ರು" ಅನ್ನೋ ವ್ಯಂಗ್ಯ ಬೇರೆ, ಆಮೇಲೆ ಆ ಹಣಾನ ದೇವಾಲಯದಲ್ಲಿ ಕುಂಬಾರನ ಕಡೆ ಎಸೀತಾನೆ. ಅದೇ ಹೀಬ್ರೂ ಗ್ರಂಥಗಳಲ್ಲಿರೋ ವಿಮೋಚನಕಾಂಡ 21ರಲ್ಲಿ ಎತ್ತು ತಿವಿದು ಸತ್ತ ಗುಲಾಮನಿಗೆ ಕಟ್ಟಿದ ಬೆಲೆನೂ ಇಷ್ಟೇ. ತಮಾಷೆ ಅಂದ್ರೆ ಮತ್ತಾಯ ಇದನ್ನ ಯೆರೆಮೀಯ ಅನ್ನೋ ಬೇರೆ ಪ್ರವಾದಿ ಹೇಳಿದ್ದು ಅಂತಾನೆ! ಅಗಸ್ಟೀನನಂಥ ದೊಡ್ಡ ಕ್ರೈಸ್ತ ಪಂಡಿತನೂ ಇದಕ್ಕೆ ಸಮಜಾಯಿಷಿ ಕೊಡೋಕೆ ಒದ್ದಾಡಿದ್ದಾನೆ. ಯೆರೆಮೀಯನಲ್ಲೂ ಕುಂಬಾರ ಇದ್ದಾನೆ, ಹೊಲ ಕೊಳ್ಳೋ ಕಥೆನೂ ಇದೆ, ಎರಡೂ ಪಠ್ಯ ಮನಸ್ಸಲ್ಲಿ ಬೆರೆತಿರ್ಬೇಕು. ಬಾಯಿಪಾಠ ಮಾಡ್ಕೊಂಡೋರಿಗೆ ಹಾಗಾಗುತ್ತೆ, ನನ್ನ ಪ್ರಕಾರ ಅದು ಮೋಸ ಅಲ್ಲ.

ಆದ್ರೆ ನನ್ನನ್ನ ಕಾಡೋದು ಹೀಬ್ರೂ ಭಕ್ತಿಗೀತೆಗಳ ಸಂಗ್ರಹದ ಕೀರ್ತನೆ 41. ನಾನು ನಂಬಿದ್ದ ಆಪ್ತ, ನನ್ನ ಅನ್ನ ಉಂಡೋನೇ ನನ್ನ ಮೇಲೆ ಕಾಲೆತ್ತಿದ ಅಂತ ಗೋಳಾಡೋ ಸಾಲು. ಇದು ಇಸ್ರಾಯೇಲಿನ ರಾಜ ದಾವೀದನ ಕೀರ್ತನೆ ಅಂತ ಓದೋರಿಗೆ ಅವನ ಮಂತ್ರಿ ಅಹೀತೋಫೆಲ ನೆನಪಾಗ್ತಾನೆ, ರಾಜನ ಮಗ ಅಬ್ಷಾಲೋಮನ ಕಡೆ ಸೇರ್ಕೊಂಡು, ತನ್ನ ಸಲಹೆ ನಡೀದೇ ಹೋದಾಗ ಊರಿಗೆ ಹೋಗಿ ನೇಣು ಹಾಕ್ಕೊಂಡೋನು. ಮತ್ತಾಯನ ಯೂದನೂ ನೇಣಿಗೇ ಹೋಗ್ತಾನೆ (ಬೈಬಲ್ಲಿನ ಇನ್ನೊಂದು ಪುಸ್ತಕ ಅಪೊಸ್ತಲರ ಕೃತ್ಯಗಳಲ್ಲಿ ಸಾವು ಬೇರೆ ಥರ, ಬಿದ್ದು ಹೊಟ್ಟೆ ಒಡೆದು). ಈ ಸಾಲನ್ನ ಯೋಹಾನ 13ರಲ್ಲಿ ಏಸುವಿನ ಬಾಯಲ್ಲೇ ಹೇಳಿಸ್ತಾನೆ, ಆದ್ರೆ ಅರ್ಧ ಮಾತ್ರ. ಅನ್ನ ಉಂಡಿದ್ದು ಇದೆ, ಕಾಲೆತ್ತಿದ್ದು ಇದೆ, "ನಾನು ನಂಬಿದ್ದ" ಅನ್ನೋದು ಇಲ್ಲ. ಯೋಹಾನನ ಏಸುವಿಗೆ ಯಾರು ಹಿಡ್ಕೊಡ್ತಾರೆ ಅಂತ ಮೊದ್ಲಿಂದ್ಲೂ ಗೊತ್ತು, ನಂಬಿ ಮೋಸಹೋದ ಅಂತ ಬರೆದ್ರೆ ಕಥೆ ಕೂರಲ್ಲ. ಸೆಲ್ಸಸ್ ಹುಟ್ಟೋಕೂ ಮೊದ್ಲೇ ಅವನಿಗೆ ಉತ್ತರ ರೆಡಿ. ನಂಗೆ ಮಾತ್ರ ಬಿಟ್ಟುಹೋದ ಆ ಅರ್ಧ ಸಾಲೇ ಹೆಚ್ಚು ನಿಜ ಅನ್ಸುತ್ತೆ.