ಕಾಲು ಸುತ್ತಿನ ಸ್ಟೇರಿಂಗು

ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಅಪ್ಪ ತಂದ ಜೀಪು ನಮ್ಮದು. 1991ರ ಮಹೀಂದ್ರಾ ಎಂಎಂ 540. 2112 ಸಿಸಿಯ ಡೀಸೆಲ್ ಇಂಜಿನ್, ನಾಲ್ಕು ಗೇರು, ತಲೆ ಮೇಲೆ ಟಾರ್ಪಾಲು. ತೀರ್ಥಹಳ್ಳಿ ಕಡೆಯ ನಮ್ಮೂರ ರಸ್ತೆಯಲ್ಲಿ ಅದು ಸೊಪ್ಪು ಹೊತ್ತಿದೆ, ಗೊಬ್ಬರ ಹೊತ್ತಿದೆ, ದಿಬ್ಬಣವನ್ನೂ ಹೊತ್ತಿದೆ. ಅಪ್ಪ ಇರುವಷ್ಟು ದಿನ ಅದಕ್ಕೆ ಡೀಸೆಲು, ಗ್ರೀಸು, ಬೈಗುಳ ಬಿಟ್ಟು ಬೇರೇನೂ ಹಾಕಿದವರಲ್ಲ. ಮೂರೂ ಹೊತ್ತಿಗೆ ಸರಿಯಾಗಿ ಬೀಳುತ್ತಿದ್ದವು. ಜೀಪೂ ತಕರಾರಿಲ್ಲದೆ ಓಡುತ್ತಿತ್ತು.

ಆಮೇಲೆ ಅದು ನನ್ನ ಕೈಗೆ ಬಂತು. ಇರಲಾರದವ ಇರುವೆ ಬಿಟ್ಕೊಂಡ ಅಂತಾರಲ್ಲ, ಹಾಗಾಯಿತು.

ನೆಪ ಆರ್‌ಸಿಯದು. ಸ್ವಂತ ಗಾಡಿಗೆ ಮೊದಲು 15 ವರ್ಷ ಕೊಡುತ್ತಾರೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ಆಯುಸ್ಸು ಮುಂದೂಡಿಸಿಕೊಂಡು ಬರಬೇಕು. ನಮ್ಮದರ ಸರದಿ 2026ಕ್ಕೆ ಬಂತು. ಲೈಟು, ಹಾರ್ನು, ವೈಪರು, ಬ್ರೇಕು ಎಲ್ಲ ಸರಿ ಇರಬೇಕು. ನಮ್ಮ ಜೀಪಿನ ನಾಡಿ ಬಲ್ಲ ಹಳೆ ಮೆಕ್ಯಾನಿಕ್ಕು ಮಗನ ಮನೆಗೆಂದು ಶಿವಮೊಗ್ಗಕ್ಕೆ ಹೋಗಿಬಿಟ್ಟಿದ್ದರು. ಪೇಟೆಯ ಹೊಸ ಗ್ಯಾರೇಜಿಗೆ ಒಯ್ದರೆ ಅಲ್ಲಿದ್ದ ಹುಡುಗ ಲ್ಯಾಪ್‌ಟಾಪಿನ ವೈರು ಹಿಡಿದುಕೊಂಡು ಜೀಪಿನ ಸುತ್ತ ಎರಡು ಪ್ರದಕ್ಷಿಣೆ ಬಂದ. "ಸರ್, ಇದಕ್ಕೆ ಸ್ಕ್ಯಾನರ್ ಎಲ್ಲಿ ಚುಚ್ಚೋದು?" ಅಂದ. ನಾನು ವಾಪಸ್ ಬಂದು ಒಂದು ಸೆಟ್ ಪಾನಾ ಕೊಂಡೆ.

ಬಣ್ಣದ ವಿಷಯದಲ್ಲಿ ಮಾತ್ರ ಬಚಾವಾದೆ. ಭಾವನವರು ಮಿಲಿಟರಿ ಹಸಿರು ಹೊಡಿ, ಗತ್ತಾಗಿರುತ್ತೆ ಅಂತ ಗಂಟುಬಿದ್ದರು. ಸೇನೆಯ ಗಾಡಿ ಬಿಟ್ಟು ಬೇರೆ ಯಾವುದಕ್ಕೂ ಆ ಆಲಿವ್ ಹಸಿರು ಹೊಡೆಯುವ ಹಾಗಿಲ್ಲ, ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಅದನ್ನು ತೋರಿಸಿದ ಮೇಲೆ ಭಾವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆರ್‌ಸಿಯಲ್ಲಿ ಬಿಳಿ ಅಂತಿದೆ. ಬಿಳಿಯೇ ಉಳಿಯಿತು, ತುಕ್ಕು ಬಂದ ಜಾಗ ಬಿಟ್ಟು.

ಮೊದಲ ಭಾನುವಾರ ಬ್ರೇಕು ನೋಡಲು ಎಡಗಡೆಯ ಹಿಂದಿನ ಚಕ್ರ ಬಿಚ್ಚಲು ಕೂತೆ. ನಟ್ಟು ಬರಲಿಲ್ಲ. ಸೀಮೆಎಣ್ಣೆ ಬಿಟ್ಟೆ. ಸುತ್ತಿಗೆಯಲ್ಲಿ ಬಡಿದೆ. ಪಾನಾಕ್ಕೆ ನಾಲ್ಕಡಿ ಪೈಪು ಸಿಕ್ಕಿಸಿ, ಅದರ ತುದಿಯಲ್ಲಿ ನಿಂತು ಕುಣಿದೆ. ನಟ್ಟು ಕಿರ್ ಅಂದಿತು. ಸಡಿಲಾಯಿತು ಅಂತ ಖುಷಿಯಾಗಿ ಇನ್ನೊಮ್ಮೆ ಕುಣಿದೆ. ನಟ್ಟು ಕೂರುವ ಬೋಲ್ಟು, ಅಂದರೆ ಸ್ಟಡ್ಡೇ ತುಂಡಾಯಿತು. ತುಂಡನ್ನು ಎತ್ತಿ ನೋಡಿದರೆ ತುದಿಯಲ್ಲಿ ಇಂಗ್ಲಿಷಿನ 'ಎಲ್' ಅಕ್ಷರ. ಎಡಗಡೆ ಚಕ್ರದ ನಟ್ಟುಗಳಿಗೆ ಉಲ್ಟಾ ಥ್ರೆಡ್ಡು! ಓಡುವಾಗ ಚಕ್ರ ತಿರುಗುವ ದಿಕ್ಕಿಗೆ ನಟ್ಟು ತಾನಾಗಿ ಸಡಿಲಾಗಬಾರದು ಅಂತ ಮಾಡಿದ ಹಳೇ ಪದ್ಧತಿ. ಮಹೀಂದ್ರಾದವರು 1947ರಲ್ಲಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರುಮಾಡಿದರಲ್ಲ, ಆ ವಂಶದ ಬಳುವಳಿ. ಅಂದರೆ ಅರ್ಧ ಗಂಟೆ ನಾನು ಬಿಚ್ಚಿರಲಿಲ್ಲ. ಮೈ ಭಾರ ಎಲ್ಲ ಹಾಕಿ ಬಿಗಿ ಮಾಡುತ್ತಿದ್ದೆ. ಜಗಲಿಯಿಂದ ಅಮ್ಮ, "ನಿನ್ನ ಅಪ್ಪ ಈ ಕಡೆ ಚಕ್ರಕ್ಕೆ ಆ ಕಡೆ ತಿರುಗಿಸ್ತಿದ್ರಪ್ಪ" ಅಂದರು. ಸ್ಟಡ್ಡು ಮುರಿದ ಮೇಲೆ.

ಬ್ರೇಕ್ ಬ್ಲೀಡಿಂಗ್ ಒಬ್ಬರಿಂದ ಆಗುವ ಕೆಲಸ ಅಲ್ಲ. ಪೈಪಿನೊಳಗೆ ಸೇರಿದ ಗಾಳಿ ಹೊರಗೆ ಹೋಗಬೇಕಾದರೆ ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ನಿಪ್ಪಲ್ಲು ಬಿಚ್ಚಿ ಮುಚ್ಚಬೇಕು. ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು. ಎಲ್ಲಕ್ಕಿಂತ ದೂರದ ಚಕ್ರದಿಂದ ಶುರು. ಹೆಂಡತಿಯನ್ನು ಸೀಟಿನಲ್ಲಿ ಕೂರಿಸಿ ನಾನು ಜೀಪಿನಡಿ ನುಸುಳಿದೆ.

"ಒತ್ತು."

"ಒತ್ತಿದೆ."

"ಬಿಡಬೇಡ."

"ಏನು? ಬಿಡಬೇಕಾ?" ಅಂತ ಕೇಳುತ್ತಲೇ ಬಿಟ್ಟಳು. ಹೊರಗೆ ಬಂದಷ್ಟೇ ಗಾಳಿ ಒಳಗೆ ಹೋಯಿತು. ಹೀಗೆ ಹನ್ನೊಂದು ಸಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ನನ್ನ ಮಾತನ್ನು ಅಷ್ಟು ಬೇಗ ಪಾಲಿಸಿದ್ದು ಅದೇ ಮೊದಲು, ಅದೂ ಉಲ್ಟಾ. ಕೊನೆಗೆ 'ಬಿಡಬೇಡ' ಅನ್ನೋ ಪದವನ್ನೇ ಬಿಟ್ಟು, 'ಹೂಂ' ಅಂದರೆ ಒತ್ತೋದು, 'ಹಾಂ' ಅಂದರೆ ಎತ್ತೋದು ಅಂತ ಒಪ್ಪಂದ ಆಯಿತು. ಅಷ್ಟರಲ್ಲಿ ಅಮ್ಮ ಒಳಗಿಂದ "ಕಾಫಿ ಮಾಡ್ಲಾ?" ಅಂದರು. ನಾನು "ಹೂಂ" ಅಂದೆ. ಬ್ರೇಕ್ ಆಯಿಲ್ಲು ಕಣ್ಣಿಗೆ ಹಾರದೆ ಬಾನೆಟ್ಟಿನ ಪಕ್ಕಕ್ಕೆ ಹಾರಿದ್ದು ಪುಣ್ಯ. ಬ್ರೇಕ್ ಆಯಿಲ್ಲು ಪೇಂಟು ತಿನ್ನುತ್ತದೆ ಅಂತ ಮಾರನೇ ದಿನ ತಿಳಿಯಿತು. ಅಂಗೈ ಅಗಲ ಬಣ್ಣ ಹಪ್ಪಳದ ಹಾಗೆ ಎದ್ದು ಬಂದಿತ್ತು.

ನಡುವೆ ಮೂರು ವಾರ ಕೆಲಸ ನಿಂತಿತು. ಹಿಂದಿನ ಸೀಟು ಬದಲಿಸಲು ಹೋದರೆ ಅದರಡಿ ಬೆಕ್ಕು ನಾಲ್ಕು ಮರಿ ಹಾಕಿತ್ತು. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದಂತೆ. ನಮ್ಮ ಬೆಕ್ಕಿಗೆ ಜೀಪು ಎಷ್ಟನೇ ಮನೆಯೋ, ಏಳೋ ಲಕ್ಷಣ ಕಾಣಲಿಲ್ಲ. ಸುಮ್ನೆ ಕೂರಲಾಗದೆ, ಮುಂದಿನ ಚಕ್ರಗಳಿಗೆ ಇಂಜಿನ್ನಿನ ಬಲ ಒಯ್ಯುವ ಜಾಯಿಂಟ್ ಶಾಫ್ಟ್ ಬಿಚ್ಚಿ ಜಗಲಿಯಲ್ಲಿಟ್ಟೆ. ಅದರ ತುದಿಯ ಕೀಲು, ಅಂದರೆ ಕ್ರಾಸು, ಸವೆದು ಕಟಕಟ ಅನ್ನುತ್ತಿತ್ತು. ಹೊಸ ಕ್ರಾಸು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನಲ್ಲಿ ಬರಬೇಕಿತ್ತು.

ಲೈಟಿನ ಕಥೆ ಬೇಗ ಮುಗಿಸುತ್ತೇನೆ, ಅದೂ ಬೇಗನೇ ಮುಗಿದದ್ದು. ಆಗುಂಬೆ ಕಡೆಯ ಮಂಜಿಗೆ ಅಂತ 100 ವ್ಯಾಟಿನ ಎರಡು ಲೈಟು ತಂದು, ಹಳೇ ಹೆಡ್‌ಲೈಟಿನ ವೈರಿಗೇ ಸೇರಿಸಿದೆ. 12 ವೋಲ್ಟಿನಲ್ಲಿ ಅವೆರಡಕ್ಕೇ ಹದಿನಾರು ಆಂಪಿಯರ್ ಮೇಲೆ ಬೇಕು. ರಿಲೇ ಹಾಕಬೇಕು, ಬೇರೆ ದಪ್ಪ ವೈರು ಎಳೆಯಬೇಕು, ಫ್ಯೂಸು ಬೇಕು. ಇದೆಲ್ಲ ನನಗೆ ಗೊತ್ತಾದದ್ದು ಡ್ಯಾಶ್‌ಬೋರ್ಡಿನಿಂದ ಹೊಗೆ ಬಂದ ಮೇಲೆ. ಸುಮಾರು ಎಂಟು ಸೆಕೆಂಡು ಇಡೀ ತೋಟ ಹಗಲಿನ ಹಾಗೆ ಕಂಡಿತು. ಅದನ್ನಂತೂ ಒಪ್ಪಿಕೊಳ್ಳಬೇಕು.

ಇನ್ನು ಸ್ಟೇರಿಂಗು. ಅದರಲ್ಲಿ ಕಾಲು ಸುತ್ತು ಪ್ಲೇ ಇತ್ತು. ಅಂದರೆ ಚಕ್ರ ತಿರುಗಲು ಒಪ್ಪುವ ಮೊದಲು ನೀವು ಸ್ಟೇರಿಂಗನ್ನು ಕಾಲು ಸುತ್ತು ಸುಮ್ನೆ ತಿರುಗಿಸಬೇಕು. ನಾನು ಡ್ರೈವಿಂಗ್ ಕಲಿತದ್ದೇ ಇದರಲ್ಲಿ. ತಿರುವು ಬರುವ ಮೊದಲೇ ಕೈ ತಾನಾಗಿ ಹೊರಡುತ್ತಿತ್ತು. ಈ ಸಲ ಸ್ಟೇರಿಂಗಿನ ಮಾತನ್ನು ಚಕ್ರಕ್ಕೆ ಮುಟ್ಟಿಸುವ ಟೈರಾಡಿನ ಎಂಡುಗಳನ್ನು ಹೊಸದು ಹಾಕಿದೆ. ಸ್ಟೇರಿಂಗ್ ಬಾಕ್ಸಿನ ಅಡ್ಜಸ್ಟಿಂಗ್ ಸ್ಕ್ರೂ ಹದವಾಗಿ ಬಿಗಿ ಮಾಡಿದೆ. ಪ್ಲೇ ಪೂರ್ತಿ ಹೋಯಿತು. ಇಷ್ಟು ದಿನದಲ್ಲಿ ನಾನು ನೂರಕ್ಕೆ ನೂರು ಸರಿಯಾಗಿ ಮಾಡಿದ ಒಂದೇ ರಿಪೇರಿ ಅದು.

ಅನಾಹುತ ಆದದ್ದೂ ಅದರಿಂದಲೇ.

ಜೀಪು ಹೊರಗೆ ತೆಗೆಯುವಾಗ ಬಲಕ್ಕೆ ಅಂಗಳ, ಎಡಕ್ಕೆ ಗೊಬ್ಬರದ ಗುಂಡಿ. ನಡುವೆ ಉಣುಗೋಲಿಗೆ ಹೋಗುವ ದಾರಿ, ಎಡಕ್ಕೆ ಸ್ವಲ್ಪ ಹೊರಳುತ್ತದೆ. ಅಂಗಳದಲ್ಲಿ ಅಡಿಕೆ ಸುಲಿಯಲು ಹತ್ತು ಜನ ಕೂತಿದ್ದರು. ನನ್ನ ಕೈ ಅಭ್ಯಾಸದಂತೆ ಎಡಕ್ಕೆ ಕಾಲು ಸುತ್ತು ಹೊರಟಿತು. ಹೊಸ ಟೈರಾಡು, ಹೊಸ ಉತ್ಸಾಹ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಹಾಗೆ, ಹೇಳಿದ್ದನ್ನೆಲ್ಲ ಕೂಡಲೇ ಮಾಡಿತು. ಬ್ರೇಕ್ ಒತ್ತಿದೆ. ಬ್ರೇಕೂ ಹಿಡಿಯಿತು, ಮುಂದಿನ ಎರಡು ಚಕ್ರ ಗುಂಡಿಯೊಳಗೆ ಇಳಿದ ಮೇಲೆ.

ಸುಲಿಯುವ ಕತ್ತಿಗಳ ಸದ್ದು ನಿಂತಿತು.

ನಾನು ಕಿಟಕಿ ಇಲ್ಲದ ಬಾಗಿಲಿನಿಂದ ತಲೆ ಹೊರಗೆ ಹಾಕಿ, "ಏನಾಗಲ್ಲ, ಫೋರ್ ವೀಲ್ ಗಾಡಿ. ಇಂಥ ಜಾಗಕ್ಕೇ ಮಾಡಿರೋದು" ಅಂದೆ. ಫೋರ್ ವೀಲ್ ಲಿವರ್ ಎಳೆದೆ. ರಿವರ್ಸ್ ಹಾಕಿದೆ. ಆಕ್ಸಿಲರೇಟರ್ ತುಳಿದೆ. ಹಿಂದಿನ ಚಕ್ರಗಳು ಗುಂಡಿಯಂಚಿನ ಕೆಸರಿನಲ್ಲಿ ಗಿರ್ರನೆ ಸುತ್ತಿದವು. ಮುಂದಿನವು ಸಗಣಿಯಲ್ಲಿ ಧ್ಯಾನಕ್ಕೆ ಕೂತ ಹಾಗೆ ಅಲ್ಲಾಡಲಿಲ್ಲ. ಕೆಸರು ಮುಂದಕ್ಕೆ ಹಾರಿ ಜೀಪಿನಡಿ ತುಂಬಿತು. ಮತ್ತೆ ಎಳೆದೆ, ಮತ್ತೆ ತುಳಿದೆ. ಈಗ ಎರಡು ಚಕ್ರಕ್ಕೆ ಬದಲಾಗಿ ನಾಲ್ಕೂ ಹೂತವು. ಆ ಲೆಕ್ಕದಲ್ಲಿ ಫೋರ್ ವೀಲ್ ಅನ್ನಬಹುದೇನೋ.

ಇಳಿದು ಬಗ್ಗಿ ನೋಡಿದೆ. ಮುಂದಿನ ಆಕ್ಸಲಿಗೆ ಹೋಗಬೇಕಾದ ಜಾಯಿಂಟ್ ಶಾಫ್ಟೇ ಇಲ್ಲ. ಬೆಕ್ಕಿನ ಬಾಣಂತನದಲ್ಲಿ ನಾನೇ ಬಿಚ್ಚಿಟ್ಟದ್ದು. ಬೆಂಗಳೂರಿನಿಂದ ಬಂದ ಕ್ರಾಸು ಫ್ರಿಜ್ಜಿನ ಮೇಲೆ ಇನ್ನೂ ಪೊಟ್ಟಣದಲ್ಲಿತ್ತು. ಶಾಫ್ಟು ಜಗಲಿಯಲ್ಲಿರಲಿಲ್ಲ. ಅಟ್ಟ, ಕೊಟ್ಟಿಗೆ, ಬಚ್ಚಲ ಹಿಂದೆ ಎಲ್ಲ ಹುಡುಕಿದೆ.

ಪಕ್ಕದ ಮನೆಯ ಟ್ರ್ಯಾಕ್ಟರ್ ಬಂದು ಹಗ್ಗ ಕಟ್ಟಿತು. ಎಳೆದವರು ಒಂದು ಮಾತೂ ಆಡದೆ ಹೋದರು, ಅದು ಇನ್ನೂ ಜಾಸ್ತಿ ನೋವು.

ಸಂಜೆ ಅಮ್ಮ ಒಣಹಾಕಿದ ಅಡಿಕೆಗೆ ಇಬ್ಬನಿ ಬೀಳದ ಹಾಗೆ ಟಾರ್ಪಾಲು ಮುಚ್ಚುತ್ತಿದ್ದರು. ಗಾಳಿಗೆ ಹಾರಬಾರದು ಅಂತ ಅಂಚಿನ ಮೇಲೆ ಉದ್ದಕ್ಕೆ ಭಾರದ್ದೊಂದು ಕಬ್ಬಿಣ ಉರುಳಿಸಿದರು. ಓಡಿ ಹೋಗಿ ನೋಡಿದರೆ ನಮ್ಮ ಜಾಯಿಂಟ್ ಶಾಫ್ಟು. ನಾನು ಅದನ್ನು ಎತ್ತಿಕೊಂಡೆ. ಟಾರ್ಪಾಲಿನ ಅಂಚು ಪಟಪಟ ಹಾರತೊಡಗಿತು. ಅಮ್ಮ ಅದನ್ನು ಕಾಲಿನಲ್ಲಿ ಮೆಟ್ಟಿ ಹಿಡಿದು, ಜೀಪಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು.

"ಇದು ತಗೊಂಡ್ಹೋಗು. ಇಷ್ಟೇ ಭಾರದ್ದು ಇನ್ನೇನಾದ್ರೂ ಬಿಚ್ಚಿಟ್ಟಿದ್ರೆ ಕೊಟ್ಟು ಹೋಗು."